ಇನ್ನೂರ ಹದಿಮೂರನೆಯ ಸ್ಥಾನ

ಪರೀಕ್ಷೆಯ ಫಲ ಪ್ರಕಟವಾದೊಡನೆ ಮಗುವನ್ನು “ಎಷ್ಟನೆಯ ನಂಬರು?” ಎಂದು ಕೇಳುವುದು ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ವಾಡಿಕೆ. ಹಿಂದುಳಿದ ಮಕ್ಕಳ ಮೋರೆ ಆಗ ಬಾಡುವುದನ್ನು ಬಹುಕಾಲ ಕಂಡ ನಾವು, ಕೊಡಗಿನ ರೋಹನ್ ಬೋಪಣ್ಣನವರ ವೃತ್ತಾಂತವನ್ನು ವಾಚಕರ ಮುಂದಿಡುತ್ತೇವೆ.

೧೯೮೦ರಲ್ಲಿ ಜನಿಸಿದ ಇವರು ಕಾಫಿತೋಟದ ಮನೆತನದವರು. ಟೆನ್ನಿಸ್ ಆಟವನ್ನೇ ವೃತ್ತಿಯಾಗಿ ಕೈಕೊಂಡರು. ಒಬ್ಬರಿಗೊಬ್ಬರು ಇದಿರಾಗಿ ಆಡುವ ಸಿಂಗಲ್ಸಿನಲ್ಲಿ ಇವರು ಮುಟ್ಟಿದ ಅತ್ಯುನ್ನತ ಸ್ಥಾನ, ೨೦೦೭ರಲ್ಲಿ, ಲೋಕಕ್ಕೆ ೨೧೩ನೆಯದು. ಮಹಾಸ್ಪರ್ಧೆಗಳಲ್ಲಿ ನೇರ ಪ್ರವೇಶವು ಸುಮಾರು ಮೊದಲ ನೂರು ಮಂದಿಗೆ ಮಾತ್ರ. ಉಳಿದವರು ಅರ್ಹತಾ ಪಂದ್ಯಗಳನ್ನು ಗೆದ್ದು ಬರಬೇಕು. ಕೆಳಗಿನವರಿಗೆ ಬಹುಮಾನ ಅಲ್ಪ, ಪ್ರಯಾಣದ ವೆಚ್ಚವೋ ಅಧಿಕ.

ಬೋಪಣ್ಣನವರು ಎದೆಗುಂದಲಿಲ್ಲ. ತಮ್ಮ ಬಲವಾದ ಸರ್ವೀಸಿಗೆ ಇಬ್ಬಿಬ್ಬರು ಕೂಡಿ ಆಡುವ ಡಬಲ್ಸೇ ತಕ್ಕ ಕ್ಷೇತ್ರವೆಂದರಿತು ಅದನ್ನೇ ನೆಚ್ಚಿದರು. ೨೦೧೦ರಲ್ಲಿ ಪಾಕಿಸ್ತಾನದ ಐಸಾಮ್ ಖುರೇಷಿಯವರೊಡನೆ ಅಮೆರಿಕದ ಮಹಾಸ್ಪರ್ಧೆಯ ಅಂತಿಮ ಪಂದ್ಯದವರೆಗೆ ಸಾಗಿ ಸೋತರು. ೨೦೨೧ರ ಆರಂಭದಲ್ಲಿ ಸೋಲಿನ ಮೇಲೆ ಸೋಲು; ಮೊಣಕಾಲಿನ ಮೃದ್ವಸ್ಥಿಯೂ ಸವೆದಿತ್ತು; ಆಟವನ್ನು ತ್ಯಜಿಸುವ ಆಲೋಚನೆಯೂ ಬಂದಿತು. ಅಯ್ಯಂಗಾರ್ ಪದ್ಧತಿಯ ಯೋಗಾಭ್ಯಾಸದಿಂದ ಕಾಲು ಚೇತರಿಸಿತು. ೨೦೨೪ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡನ್ನರೊಡನೆ ಆಸ್ಟ್ರೇಲಿಯಾದ ಮಹಾಸ್ಪರ್ಧೆಯನ್ನು ಗೆದ್ದು, ೪೩ನೆಯ ವಯಸ್ಸಿನಲ್ಲಿ ಡಬಲ್ಸಿನ ಪ್ರಥಮ ಸ್ಥಾನವನ್ನೇರಿದರು. ಅಷ್ಟು ವಯಸ್ಸಾದವರಾರೂ ಅದುವರೆಗೆ ಆ ಸ್ಥಾನವನ್ನು ಪಡೆದಿರಲಿಲ್ಲ. ೨೦೨೫ರ ನವೆಂಬರಿನಲ್ಲಿ ವೃತ್ತಿಯಿಂದ ನಿವೃತ್ತರಾದರು.

ಒಂದು ವಿಷಯದ ಅಂಕವನ್ನು ಕಂಡು ಮಗುವಿನ ಆಸೆ ಬಿಡುವ ಮುನ್ನ, ಅದಕ್ಕೆ ಒಗ್ಗುವ ವಿದ್ಯೆ ಬೇರೊಂದುಂಟೇ ಎಂದು ಅರಸುವುದು ಹೆತ್ತವರ ಕರ್ತವ್ಯವೆಂದು ನಮ್ಮ ಮತ.