ಬಾಂದುಗಲ್ಲಿನ ತಂಟೆ: ಅಳೆಯುವವರು ಯಾರ ಕಡೆಯವರೂ ಆಗಿರಬಾರದು



ನಮ್ಮ ಗೊಬ್ಬೂರ ಸೀಮೆಯ ಎರೆಭೂಮಿಯಲ್ಲಿ ಬಾಂದುಗಲ್ಲು ನಿಂತಲ್ಲಿ ನಿಲ್ಲುವುದಿಲ್ಲ. ಬೇಸಿಗೆಗೆ ನೆಲ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ, ಕಲ್ಲು ವಾಲುತ್ತದೆ. ವರ್ಷಕ್ಕೊಂದು ಸಾಲಿನಂತೆ ಬದುವನ್ನು ಉತ್ತು ಸರಿಸುವವರೂ ಉಂಟು. ಹೀಗೆ ಹೋಗುವ ಭೂಮಿ ಎಷ್ಟು? 33 ಅಡಿ ಉದ್ದ, 33 ಅಡಿ ಅಗಲವಾದರೆ ಒಂದು ಗುಂಟೆ, ಅಂದರೆ 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. 330 ಅಡಿ ಉದ್ದದ ಬದು 3 ಅಡಿ ಸರಿದರೆ 990 ಚದರ ಅಡಿ, ಹೆಚ್ಚುಕಡಿಮೆ ಒಂದು ಗುಂಟೆ ಹೋದಂತೆ. ಈ ಒಂದು ಗುಂಟೆಗಾಗಿ ಅಣ್ಣತಮ್ಮಂದಿರು ಮಾತು ಬಿಡುತ್ತಾರೆ. ಕೋರ್ಟಿಗೆ ಅಲೆದು ಎತ್ತು ಮಾರುತ್ತಾರೆ.

ಇಂಥ ತಂಟೆ ಮುಗಿಯಬೇಕಾದರೆ ಅಳತೆ ಸರಿಯಾಗಿದ್ದರಷ್ಟೇ ಸಾಲದು, ಅಳೆದವರ ಮೇಲೂ ಎರಡೂ ಕಡೆಯವರಿಗೆ ನಂಬಿಕೆ ಇರಬೇಕು.

ಸಂಶಯ ಬರುವುದೆಲ್ಲಿಂದ?

ಭೂಮಾಪಕರು ಒಂದು ಕಡೆಯವರಿಗೆ ಬೀಗರಾಗಿರಬಹುದು. ಅವರ ಮನೆಯಲ್ಲಿ ಉಂಡು, ಅವರ ಗಾಡಿಯಲ್ಲಿ ಬಂದಿರಬಹುದು. ಅದೇ ಹೊಲವನ್ನು ಕೊಳ್ಳುವವರ ಕೆಲಸವನ್ನೂ ಹಿಡಿದಿರಬಹುದು. ಮನಸ್ಸು ಶುದ್ಧವಿದ್ದರೂ ಇಂಥಲ್ಲಿ ಜನ ನಂಬುವುದಿಲ್ಲ. ಪಂಚರಿಗೂ ಇದೇ ಮಾತು. ಒಂದು ಕಡೆಯವರಿಗೆ ಸಾಲ ಕೊಟ್ಟವರು, ಆ ಹೊಲವನ್ನು ಪಾಲಿಗೆ ಮಾಡುವವರು ನ್ಯಾಯಕ್ಕೆ ಕೂಡ್ರಬಾರದು.

ಲಂಡನ್ನಿನಲ್ಲಿ 1868ರಲ್ಲಿ ಹುಟ್ಟಿದ ಭೂಮಾಪಕರ ಸಂಸ್ಥೆಯೊಂದು ಇದಕ್ಕಾಗಿಯೇ ಮಾಡಿದ ನಿಯಮ 2018ರಿಂದ ಜಾರಿಯಲ್ಲಿದೆ. ಸಂಬಂಧವಿದ್ದರೆ ಮೊದಲೇ ತಿಳಿಸಬೇಕು. ಸಂಬಂಧಪಟ್ಟವರು ಎಲ್ಲವನ್ನೂ ತಿಳಿದು ಒಪ್ಪದಿದ್ದರೆ ಆ ಕೆಲಸ ಹಿಡಿಯಕೂಡದು. ಈ ನಿಯಮ ನಮ್ಮ ಊರಿಗೂ ಒಪ್ಪುವಂಥದೇ.

ನೀವು ಮಾಡತಕ್ಕದ್ದು

1. ಹದ್ದುಬಸ್ತಿಗೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು, ಶುಲ್ಕ ಕಟ್ಟಿ ರಸೀದಿ ಪಡೆಯಿರಿ. ಕೈಯಲ್ಲಿ ಹಣ ಕೊಡಬೇಡಿರಿ.

2. ಬಾಜೂ ಹೊಲದವರಿಗೆ ನೋಟೀಸು ಮುಟ್ಟಿದೆಯೇ ಕೇಳಿರಿ. ಅವರಿಲ್ಲದಾಗ ಆದ ಅಳತೆ ಮುಂದೆ ಹೊಸ ತಂಟೆಗೆ ಬೀಜ.

3. ಭೂಮಾಪಕರಿಗೆ ಒಂದು ಕಡೆಯವರೊಡನೆ ಸಂಬಂಧವಿದ್ದರೆ ಅಳತೆ ಶುರುವಾಗುವ ಮೊದಲೇ ಹೇಳಿ, ಬೇರೊಬ್ಬರನ್ನು ಕಳಿಸಿರೆಂದು ಬರೆದು ಕೊಡಿರಿ. ಅಳತೆ ತನಗೆ ವಿರುದ್ಧವಾದ ಮೇಲೆ ಹೇಳಿದರೆ ಅದು ಸೋತವರ ಮಾತಾಗುತ್ತದೆ.

4. ಹಳೆಯ ಟಿಪ್ಪಣದ ನಕಲು ತೆಗೆಸಿರಿ. ನಮ್ಮ ಭಾಗ 1948ರವರೆಗೆ ನಿಜಾಮರ ಆಳಿಕೆಯಲ್ಲಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಆದುದರಿಂದ ಹಳೆಯ ಕಾಗದಗಳಲ್ಲಿ ಉರ್ದು ಬರಹವಿರುವುದುಂಟು. ಎರಡೂ ಕಡೆಗೆ ಬೇಕಾದವರಿಂದಲೇ ಅದನ್ನು ಓದಿಸಿರಿ.

5. ಇಬ್ಬರೂ ಒಪ್ಪುವ ಹಳೆಯ ಕಲ್ಲಿನಿಂದ ಅಳತೆ ಹಿಡಿಯಲು ಕೇಳಿರಿ. ತಕರಾರಿನ ಕಲ್ಲಿನಿಂದಲೇ ಅಳೆಯತೊಡಗಿದರೆ ತಕರಾರು ಮುಗಿಯದು. ಸರಪಳಿ ಬಿಗಿಯಾಗಿ, ಮಟ್ಟಸವಾಗಿ ಇರಲಿ.

6. ಪಂಚನಾಮೆಯನ್ನು ಓದಿಸಿ ಕೇಳಿಯೇ ಸಹಿ ಮಾಡಿರಿ. ಒಪ್ಪಿಗೆಯಿಲ್ಲದಿದ್ದರೆ ಆ ಆಕ್ಷೇಪಣೆಯನ್ನು ಬರೆಯಿಸಿರಿ.

ಒಪ್ಪದಿದ್ದರೆ ದಾರಿ

ಬಡಿಗೆ ಹಿಡಿಯಬೇಡಿರಿ. ರಾತ್ರಿ ಕಲ್ಲು ಕೀಳಬೇಡಿರಿ. 1964ರ ಭೂಕಂದಾಯ ಕಾಯ್ದೆಯಂತೆ ಗಡಿಗುರುತು ಕಾಯುವುದು ಹೊಲದವರ ಹೊಣೆ, ಕೀಳುವುದು ದಂಡಕ್ಕೆ ಗುರಿ. ತಡಮಾಡದೆ ತಾಲೂಕಿನ ಭೂದಾಖಲೆಗಳ ಸಹಾಯಕ ನಿರ್ದೇಶಕರಿಗೆ ಅರ್ಜಿ ಕೊಡಿರಿ. ಅಲ್ಲಿಯೂ ಸಮಾಧಾನವಾಗದಿದ್ದರೆ ಜಿಲ್ಲೆಯ ಉಪನಿರ್ದೇಶಕರಿದ್ದಾರೆ.

ಒಂದು ಮಾತು ನೆನಪಿರಲಿ. ಭೂಮಾಪಕರು ಗಡಿ ತೋರಿಸುತ್ತಾರೆ. ಹೊಲ ಯಾರ ಹಕ್ಕಿನದೆಂದು ತೀರ್ಮಾನಿಸುವುದಿಲ್ಲ. ಅದು ಸಿವಿಲ್ ಕೋರ್ಟಿನ ಕೆಲಸ. ಕೋರ್ಟಿಗೆ ಹೋದರೂ ಲೋಕ ಅದಾಲತ್ತಿನಲ್ಲಿ ರಾಜಿಯಾಗಬಹುದು. ಕಟ್ಟಿದ ಕೋರ್ಟು ಫೀ ಮರಳಿ ಬರುತ್ತದೆ. ಆ ರಾಜಿಗೆ ಡಿಕ್ರಿಯ ಬಲವಿದೆ, ಅದರ ಮೇಲೆ ಅಪೀಲಿಲ್ಲ.

ಈ ಸಲ ತೊಗರಿ ಕೊಯ್ಲಾಗಿ ಹೊಲ ಬಯಲಾದಾಗ ಬಾಜೂದವರನ್ನು ಕರೆದುಕೊಂಡು ಬದುವಿನ ಮೇಲೆ ಒಮ್ಮೆ ನಡೆಯಿರಿ. ವಾಲಿದ ಕಲ್ಲು ಕಂಡರೆ ಇಬ್ಬರೂ ಕೂಡಿ ಅರ್ಜಿ ಕೊಡಿರಿ. ಬಿತ್ತುವ ಮೊದಲು ಗಡಿ ಗಟ್ಟಿಯಾದರೆ ಬೆಳೆಯೂ ನೆರೆಯೂ ಉಳಿಯುತ್ತವೆ.