ಯಜಮಾನ, ಏಜೆಂಟ ಮತ್ತು ಮೂರನೆಯವನು

ಮೈಸೂರಿನಿಂದ ನಂಜನಗೂಡಿನ ಮೇಲೆ ದಕ್ಷಿಣಾಭಿಮುಖವಾಗಿ ಹೊರಟವರಿಗೆ ಗುಂಡ್ಲುಪೇಟೆ ಎದುರಾಗುತ್ತದೆ. ಅಲ್ಲಿಂದ ಒಂದು ಹೆದ್ದಾರಿ ಬಂಡೀಪುರದ ಕಾಡನ್ನು ಹಾದು ಉದಕಮಂಡಲಕ್ಕೂ, ಇನ್ನೊಂದು ವಯನಾಡಿನ ಮೇಲೆ ಕೋಳಿಕ್ಕೋಡಿಗೂ ಹೋಗುತ್ತವೆ. ಪೂರ್ವಕ್ಕೆ ತಿರುಗಿದರೆ ತೆರಕಣಾಂಬಿಯನ್ನು ದಾಟಿ ಚಾಮರಾಜನಗರ. ಇದು ಅರಿಸಿನ, ಬಾಳೆ, ತರಕಾರಿಗಳ ಸೀಮೆ. ಬೆಳೆದವನು ಇಲ್ಲಿ, ಕೊಳ್ಳುವವನು ಅನೇಕ ವೇಳೆ ಕೇರಳದಲ್ಲಿ ಅಥವಾ ತಮಿಳುನಾಡಿನ ಈರೋಡಿನಲ್ಲಿ. ಒಬ್ಬರ ಮುಖವನ್ನೊಬ್ಬರು ಕಾಣದ ಇವರಿಬ್ಬರನ್ನು ಕೂಡಿಸತಕ್ಕವನು ಮಂಡಿಯ ದಲ್ಲಾಳಿ. ಇವನ ಮಾತಿನಿಂದ ಯಾರು ಯಾರಿಗೆ ಎಷ್ಟರ ಮಟ್ಟಿಗೆ ಹೊಣೆಯಾಗುತ್ತಾರೆಂಬುದೇ ಈ ಹೊತ್ತಿನ ನಮ್ಮ ವಿಷಯ.

ಇದು ಒಕ್ಕಲಿಗರ ಚಿಂತೆ, ಪಟ್ಟಣಿಗರಾದ ನಮಗೇಕೆ ಎಂದು ಕೇಳುಗರಲ್ಲಿ ಕೆಲವರಿಗೆ ತೋರಬಹುದು. ಆದರೆ ಉದ್ಯೋಗದ ನಿಮಿತ್ತ ಪಟ್ಟಣದಲ್ಲಿ ನೆಲೆಸಿ, ಊರಿನ ಪಿತ್ರಾರ್ಜಿತ ಜಮೀನನ್ನು ಒಬ್ಬ ಪಾರುಪತ್ಯಗಾರನಿಗೋ ದಾಯಾದಿಗೋ ಒಪ್ಪಿಸಿರುವವರು ನಮ್ಮಲ್ಲಿ ಕಡಮೆಯಿಲ್ಲ. ಅವರೆಲ್ಲರೂ ಕಾನೂನಿನ ಕಣ್ಣಿಗೆ ಯಜಮಾನರೇ; ಅವರ ಪರವಾಗಿ ವ್ಯವಹರಿಸುವವನು ಏಜೆಂಟ; ಅವನೊಡನೆ ವ್ಯವಹಾರಕ್ಕೆ ಬರುವವನು ಮೂರನೆಯವನು. 1872ನೆಯ ಇಸವಿಯ ಭಾರತೀಯ ಕರಾರು ಕಾಯಿದೆಯ ಹತ್ತನೆಯ ಅಧ್ಯಾಯ, ಅಂದರೆ 182ರಿಂದ 238ರವರೆಗಿನ ಪ್ರಕರಣಗಳು, ಈ ಮೂವರ ಸಂಬಂಧವನ್ನೇ ವಿವರಿಸುತ್ತವೆ.

ಮೂಲಸೂತ್ರವು ಸರಳವಾದುದು. ಇನ್ನೊಬ್ಬನ ಕೈಯಿಂದ ಮಾಡಿಸಿದ ಕಾರ್ಯವನ್ನು ತಾನೇ ಮಾಡಿದಂತೆ ಎಣಿಸತಕ್ಕದ್ದು. ಏಜೆಂಟನನ್ನು ನೇಮಿಸಲು ಕಾಗದಪತ್ರವು ಅವಶ್ಯವೇನೂ ಅಲ್ಲ. ನಡವಳಿಕೆಯಿಂದಲೇ ಅಧಿಕಾರವು ಹುಟ್ಟಬಹುದು. ಅವನಿಗೆ ಸಂಬಳವನ್ನಾಗಲಿ ದಲ್ಲಾಳಿಯನ್ನಾಗಲಿ ಗೊತ್ತುಮಾಡದಿದ್ದರೂ ಸಂಬಂಧವು ಊರ್ಜಿತವೇ. ಅಧಿಕಾರದ ಮೇರೆಯೊಳಗೆ ಅವನು ಮಾಡಿದ ಕರಾರು ಯಜಮಾನನನ್ನು ಕಟ್ಟಿಹಾಕುತ್ತದೆ. ಏಜೆಂಟನು ಸಾಮಾನ್ಯವಾಗಿ ನಡುವಿನಿಂದ ಸರಿದು ನಿಲ್ಲುತ್ತಾನೆ.

ಈಗ ಒಂದು ಸಂದರ್ಭವನ್ನು ಊಹಿಸೋಣ. ತೆರಕಣಾಂಬಿಯ ಬಳಿಯ ಒಬ್ಬ ರೈತನು ಬೇಯಿಸಿ ಒಣಗಿಸಿದ 40 ಕ್ವಿಂಟಾಲ್ ಅರಿಸಿನವನ್ನು ಮಂಡಿಗೆ ಹಾಕಿದನು. ಮಂಡಿಯವನು ಅದನ್ನು ಹೊರಗಿನ ವರ್ತಕನೊಬ್ಬನಿಗೆ ಸಾಲದ ಮೇಲೆ ಕೊಟ್ಟನು. ತಿಂಗಳು ಕಳೆಯುವುದರೊಳಗೆ ವರ್ತಕನು ದಿವಾಳಿಯೆದ್ದನು. ಕೊಟ್ಟವನು ಕೋಡಂಗಿ, ಈಸಿಕೊಂಡವನು ವೀರಭದ್ರ ಎಂಬ ಗಾದೆ ಇಲ್ಲಿ ನಿಜವಾಗಬೇಕೆ? ವರುಷದ ದುಡಿಮೆಯ ಹಣವನ್ನು ರೈತನು ಯಾರಿಂದ ಕೇಳಬೇಕು?

ಮೊದಲು ವಿಚಾರಿಸತಕ್ಕದ್ದು, ಮಂಡಿಯವನು ಸ್ವತಃ ಕೊಂಡನೇ ಅಥವಾ ರೈತನ ಪರವಾಗಿ ಮಾರಿದನೇ ಎಂಬುದನ್ನು. ತಾನೇ ಕೊಂಡಿದ್ದರೆ ಅವನು ಏಜೆಂಟನಲ್ಲ, ಸಾಲಗಾರ; ವರ್ತಕನು ಕೊಟ್ಟರೂ ಬಿಟ್ಟರೂ ಹಣವನ್ನು ಅವನು ತೆರಲೇಬೇಕು. ದಲ್ಲಾಳಿಯಾಗಿ ಮಾರಿದ್ದರೆ ಬೆಲೆಯ ಬಾಕಿಯು ವರ್ತಕನ ಮೇಲೆ ನಿಲ್ಲುತ್ತದೆ. ಆಗಲೂ ರೈತನು ನಿರುಪಾಯನಲ್ಲ. ಯಜಮಾನನ ಆಜ್ಞೆಯಂತೆ, ಆಜ್ಞೆಯಿಲ್ಲದ ಕಡೆ ಆ ಸ್ಥಳದ ವ್ಯಾಪಾರದ ರೂಢಿಯಂತೆ ನಡೆಯತಕ್ಕದ್ದೆಂದು 211ನೆಯ ಪ್ರಕರಣವು ಹೇಳುತ್ತದೆ. ಆ ಪೇಟೆಯಲ್ಲಿ ರೊಕ್ಕದ ವ್ಯಾಪಾರವೇ ರೂಢಿಯಾಗಿದ್ದು ಅವನು ಸಾಲಕ್ಕೆ ಕೊಟ್ಟಿದ್ದರೆ, ವರ್ತಕನು ಅಂದು ಎಷ್ಟೇ ಹೆಸರುವಾಸಿಯಾಗಿದ್ದರೂ, ನಷ್ಟವನ್ನು ಮಂಡಿಯವನೇ ತುಂಬಿಕೊಡಬೇಕು. ಸಾಲಕ್ಕೆ ಕೊಡುವುದೇ ರೂಢಿಯಾಗಿದ್ದ ಪಕ್ಷದಲ್ಲಿ 212ನೆಯ ಪ್ರಕರಣವು ಬರುತ್ತದೆ: ಕೊಳ್ಳುವವನ ಯೋಗ್ಯತೆಯನ್ನು ತಕ್ಕಷ್ಟು ವಿಚಾರಿಸದೆ ಕೊಟ್ಟಿದ್ದರೆ ಆಗಲೂ ಅವನೇ ಹೊಣೆ. ರೂಢಿಯಂತೆ ನಡೆದು, ವಿಚಾರಿಸಿ, ಎಚ್ಚರದಿಂದ ಕೊಟ್ಟಿದ್ದರೆ ಮಾತ್ರ ನಷ್ಟವು ರೈತನ ಪಾಲಿಗೆ ಬರುತ್ತದೆ. ಹಣಕ್ಕೆ ತಾನೇ ಜಾಮೀನೆಂದು ಮಂಡಿಯವನು ಮೊದಲೇ ಒಪ್ಪಿದ್ದರೆ ಅದೂ ಬಾರದು. ಆದಕಾರಣ ಚೀಟಿಯ ಮೇಲೆ ‘ಕೊಂಡದ್ದು’ ಎಂದು ಬರೆದಿದೆಯೋ ‘ಮಾರಿಕೊಟ್ಟದ್ದು’ ಎಂದು ಬರೆದಿದೆಯೋ ನೋಡುವುದು ಅಲ್ಪ ವಿಷಯವಲ್ಲ.

ಚಾಮರಾಜನಗರದ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಇದಕ್ಕೆ ಹೋಲಿಸಿ ನೋಡಬಹುದು. 1959ರ ರೇಷ್ಮೆ ಕಾಯಿದೆಯ ಮೇರೆಗೆ ಅಲ್ಲಿ ಲೈಸೆನ್ಸು ಪಡೆದ ರೀಲರುಗಳು ಬಹಿರಂಗ ಹರಾಜಿನಲ್ಲಿ ಗೂಡು ಕೊಳ್ಳುತ್ತಾರೆ. ಕೊಂಡವನು ಯಾರೆಂಬುದು ಬೆಳೆಗಾರನಿಗೆ ಆ ಗಳಿಗೆಯಲ್ಲಿಯೇ ತಿಳಿಯುವುದರಿಂದ ನಾವು ಈಗ ಬಿಡಿಸಿದ ತೊಡಕಿನ ಬಹುಭಾಗವು ಅಲ್ಲಿ ಹುಟ್ಟುವುದೇ ಇಲ್ಲ.

ಇನ್ನು ಕೊಳ್ಳುವವನ ಕಡೆಯಿಂದ ನೋಡೋಣ. ಪಟ್ಟಣವಾಸಿಯೊಬ್ಬರು ತಮ್ಮ ಪಾರುಪತ್ಯಗಾರನನ್ನು ಬಿಡಿಸಿದರು; ಆದರೆ ಹಳೆಯ ವರ್ತಕರಿಗೆ ತಿಳಿಸಲಿಲ್ಲ. ಅವನು ಎಂದಿನಂತೆ ಬಾಳೆಗೊನೆಗಳನ್ನು ಮಾರಿ ಹಣ ತೆಗೆದುಕೊಂಡು ಹೊರಟುಹೋದನು. ಅಧಿಕಾರವು ರದ್ದಾದ ಸಂಗತಿಯು ಮೂರನೆಯವನ ಮಟ್ಟಿಗೆ ಅವನಿಗೆ ತಿಳಿದಾಗಲೇ ಜಾರಿಗೆ ಬರತಕ್ಕದ್ದೆಂದು 208ನೆಯ ಪ್ರಕರಣದ ವಿಧಿ. ಅರಿಯದೆ ಹಣ ಕೊಟ್ಟ ವರ್ತಕನಿಂದ ಎರಡನೆಯ ಸಲ ಕೇಳುವಂತಿಲ್ಲ. ತಿಳಿಸದೆ ಸುಮ್ಮನಿದ್ದ ಯಜಮಾನರೇ ತಮ್ಮ ಹಳೆಯ ನೌಕರನನ್ನು ಹುಡುಕಬೇಕು. ಏಜೆಂಟನು ಯಜಮಾನನ ಕೆಲಸದಲ್ಲಿಯೇ ಸುಳ್ಳು ಹೇಳಿ ಮಾರಿದ್ದರೂ ಆ ಸುಳ್ಳು ಕರಾರಿನ ಮಟ್ಟಿಗೆ ಯಜಮಾನನು ಹೇಳಿದಂತೆಯೇ ಪರಿಣಮಿಸುತ್ತದೆ.

ಆದರೆ ಈ ರಕ್ಷಣೆಗೂ ಮೇರೆಯುಂಟು. ಸ್ಟೇಟ್ ಬ್ಯಾಂಕು ಪಕ್ಷವಾಗಿದ್ದ ಒಂದು ಮೊಕದ್ದಮೆಯನ್ನು ಸುಪ್ರೀಂ ಕೋರ್ಟು 1978ರಲ್ಲಿ ತೀರ್ಮಾನಿಸಿತು. ಖಾತೆದಾರರ ಕಡೆಯವರು ಪರಿಚಯದ ನಂಬಿಕೆಯಿಂದ ಬ್ಯಾಂಕಿನ ನೌಕರನೊಬ್ಬನ ಕೈಗೆ ಖಾತೆಗೆ ಕಟ್ಟಲೆಂದು ಹಣವನ್ನು ಕೊಟ್ಟಿದ್ದರು. ಅವನು ಅದನ್ನು ನುಂಗಿದನು. ಅವನು ಅದನ್ನು ಪಡೆದದ್ದು ಬ್ಯಾಂಕಿನ ಕೆಲಸದ ಅಂಗವಾಗಿ ಅಲ್ಲ, ಕೊಟ್ಟವರ ಸ್ವಂತ ಏಜೆಂಟನಾಗಿ; ಆದ್ದರಿಂದ ಬ್ಯಾಂಕು ಹೊಣೆಯಲ್ಲ ಎಂದು ತೀರ್ಪಾಯಿತು. ಪರಿಚಯವು ಅಧಿಕಾರವಲ್ಲ. ಅಧಿಕಾರವಿದೆಯೆಂದು ಸುಳ್ಳುಹೇಳಿ ವ್ಯವಹರಿಸಿದವನು ಮಾತ್ರ, ಯಜಮಾನನೆನಿಸಿದವನು ಒಪ್ಪದಿದ್ದರೆ, 235ನೆಯ ಪ್ರಕರಣದಂತೆ ನಷ್ಟವನ್ನು ಸ್ವತಃ ತೆರಬೇಕು.

ಕಡೆಯದಾಗಿ ಏಜೆಂಟನ ಪ್ರಾಮಾಣಿಕತೆಯ ಮಾತು. ಯಜಮಾನನಿಗೆ ತಿಳಿಸದೆ ಸರಕನ್ನು ತಾನೇ ಕೊಂಡು ಹೆಚ್ಚಿನ ಬೆಲೆಗೆ ಮಾರಿದವನ ಲಾಭವನ್ನು ಯಜಮಾನನು ಕೇಳಿ ಪಡೆಯಬಹುದು. ಕೇಳಿದಾಗ ಲೆಕ್ಕ ಒಪ್ಪಿಸುವುದು ಏಜೆಂಟನ ಕರ್ತವ್ಯ. ಹಾಗೆಯೇ, ನ್ಯಾಯವಾಗಿ ಕೆಲಸ ಮಾಡುತ್ತಾ ಅವನಿಗೆ ತಗುಲಿದ ನಷ್ಟವನ್ನು ತುಂಬಿಕೊಡುವುದು ಯಜಮಾನನ ಕರ್ತವ್ಯ. ಹೊಣೆಯು ಒಂದೇ ಕಡೆಯದಲ್ಲ.

ಊರಿನ ವ್ಯವಹಾರವು ಬಹುಮಟ್ಟಿಗೆ ನಂಬಿಕೆಯ ಮೇಲೆಯೇ ನಡೆಯುತ್ತದೆ, ನಡೆಯಲೂ ಬೇಕು. ಕಾಯಿದೆಯು ಆ ನಂಬಿಕೆಗೆ ಶತ್ರುವಲ್ಲ. ಅಧಿಕಾರ ಕೊಡುವಾಗ ಅದರ ಮೇರೆಯನ್ನು ಬರೆದು ಕೊಡುವುದು, ಹಿಂದೆಗೆದುಕೊಂಡಾಗ ಎಲ್ಲರಿಗೂ ತಿಳಿಸುವುದು, ಹಣ ಕೊಟ್ಟ ಕೂಡಲೇ ರಸೀತಿ ಪಡೆಯುವುದು: ಈ ಮೂರನ್ನು ಪಾಲಿಸಿದರೆ ತೆರಕಣಾಂಬಿಯ ಆ ರೈತನೂ ಪಟ್ಟಣದ ನಾವೂ ನ್ಯಾಯಸ್ಥಾನದ ಮೆಟ್ಟಲನ್ನು ಹತ್ತದೆ ಬಾಳಬಹುದು.