ನೀಲಗಿರಿಯ ಕೆಂಪು ಹೂವೂ ನಮ್ಮ ಬಯಲುಮಣ್ಣೂ

ಗುಂಡ್ಲುಪೇಟೆಯಿಂದ ಬಂಡೀಪುರದ ಮಾರ್ಗವಾಗಿ ಉದಕಮಂಡಲಕ್ಕೆ ಹೋದವರು ಅಲ್ಲಿನ ರೋಡೊಡೆಂಡ್ರಾನ್ ಹೂವಿನ ಕೆಂಪಿಗೆ ಮರುಳಾಗಿ ಸಸಿ ತರುವುದುಂಟು; ಬಯಲಿನಲ್ಲಿ ಅದು ಬಾಳುವುದು ವಿರಳ. ಎರಿಕೇಸೀ ಕುಟುಂಬದ ಈ ಗಿಡಕ್ಕೆ ಪಿಎಚ್ ೪.೫ರಿಂದ ೬ರವರೆಗಿನ ಹುಳಿಮಣ್ಣು ಬೇಕು. ಸುಣ್ಣದಂಶ ಮಿಕ್ಕಲ್ಲಿ ಮಣ್ಣಿನೊಳಗಿನ ಕಬ್ಬಿಣವು ಬೇರಿಗೆ ದಕ್ಕದು. ನರಗಳು ಹಸುರಾಗಿದ್ದು ಎಳೆಯೆಲೆ ಹಳದಿಯಾಗುತ್ತದೆ. ಇದನ್ನು ಗೊಬ್ಬರದ ಕೊರತೆಯೆಂದು ಬಗೆದು ಬೂದಿಯೆರಚುವವರು ಗಿಡದ ಸಾವನ್ನು ಹತ್ತಿರ ತರುತ್ತಾರೆ, ಬೂದಿಯೂ ಕ್ಷಾರವೇ ಆದುದರಿಂದ.

ಚಾಮರಾಜನಗರ ಸೀಮೆಯ ಕಪ್ಪುಮಣ್ಣಿನಲ್ಲಿ ಇದನ್ನು ನೆಡಲಾಗದು. ಕುಂಡದಲ್ಲಿ ಎಲೆಗೊಬ್ಬರ, ಮರಳು ಬೆರೆಸಿ, ಬೇರನ್ನು ಆಳಕ್ಕೆ ಹೂಳದೆ, ಕೊಳವೆಬಾವಿಯ ಗಡಸುನೀರಿಗೆ ಬದಲಾಗಿ ಮಳೆನೀರೆರೆಯಬೇಕು. ಬುಡವನ್ನು ಕೆದಕದೆ ತರಗೆಲೆ ಹೊದಿಸಬೇಕು. ಇಷ್ಟಾದರೂ ಸೆಕೆಗೆ ಮದ್ದಿಲ್ಲ. ೧೮೪೮ರಲ್ಲಿ ಮೆಕೈವರ್ ಸಸ್ಯೋದ್ಯಾನವನ್ನು ಕಟ್ಟತೊಡಗಿದ ಉದಕಮಂಡಲವು ೨,೨೦೦ ಮೀಟರಿಗೂ ಮಿಕ್ಕ ಎತ್ತರದಲ್ಲಿದೆ. ಗುಂಡ್ಲುಪೇಟೆ ಸುಮಾರು ೮೦೦ ಮೀಟರಿನಲ್ಲಿ. ಹಟವಿದ್ದವರು ನೆರಳಿನ ಕುಂಡದಲ್ಲಿ ಅದರ ಬಳಗದ ಅಜೇಲಿಯಾವನ್ನು ಪರೀಕ್ಷಿಸಬಹುದು.